ಐದೂವರೆ ಬಸ್ಸಿಗೆ ಕಾದ ಚಪ್ಪಲಿಗಳು

ದಾರ ಎಳೆದೆಳೆದು ಅವರ ಬಲಗೈ ಹೆಬ್ಬೆರಳು ಎಷ್ಟು ನುಣುಪಾಗಿತ್ತೆಂದರೆ ಮೊಬೈಲು ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಒತ್ತಿ, ಒರೆಸಿ, ಮತ್ತೆ ಒತ್ತಿ, "ಇದಕ್ಕ ನನ್ನ ಗುರ್ತಾನ ಇಲ್ಲ ನೋಡ್ರಿ" ಎಂದು ನಗುತ್ತಿದ್ದರು. ಹರಪನಹಳ್ಳಿ ಬಸ್ ನಿಲ್ದಾಣದ ಗೋಡೆಗೊರಗಿ ಚಪ್ಪಲಿ ಹೊಲಿಯುತ್ತಿದ್ದ ಅವರನ್ನು ಕಾಲೇಜು ಹುಡುಗಿಯರು ಕಾಕಾ ಎನ್ನುತ್ತಿದ್ದರು. ಆ ಹುಡುಗಿಯರಿಗೆ ಪಾಠ ಮಾಡುವ ನಾನೂ ಹಾಗೇ ಕರೆದೆ.

ಎಲ್ಲ ಶುರುವಾದದ್ದು ಮಳೆಗಾಲದಲ್ಲಿ ಎಂದು ನನ್ನ ನೆನಪು. ಆದರೆ ಆಗಿನ ಫೋಟೋಗಳಲ್ಲಿ ನೆಲವೆಲ್ಲ ಧೂಳು. ಆದ್ದರಿಂದ ನನ್ನ ನೆನಪನ್ನು ಅಷ್ಟಕ್ಕಷ್ಟೇ ನಂಬಿ.

ನದಿ ಕಡೆಯ ಹಳ್ಳಿಗಳಿಗೆ ಹೋಗುವ ಐದೂವರೆಯ ಬಸ್ಸು ವಾರಗಟ್ಟಲೆ ತಪ್ಪತೊಡಗಿತ್ತು. ಮುಂದಿನ ಬಸ್ಸು ಏಳರ ಮೇಲೆ. ಕತ್ತಲಾದ ಮೇಲೆ ಮನೆ ಸೇರುವ ಮಗಳನ್ನು ಎಷ್ಟು ದಿನ ಓದಲು ಕಳಿಸುತ್ತಾರೆ? ಇಬ್ಬರು ಆಗಲೇ ಕಾಲೇಜು ಬಿಟ್ಟಿದ್ದರು. ಬಸ್ಸಿನವರ ಫೇಸ್‌ಬುಕ್ ಪುಟದಲ್ಲಿ ನಾನೊಂದು ಉದ್ದನೆಯ ದೂರು ಬರೆದೆ. "ಆ ಹೊತ್ತಿಗೆ ಪ್ರಯಾಣಿಕರು ಇರುವುದಿಲ್ಲ" ಎಂಬ ಉತ್ತರ ಬಂತು.

ಸಾಲಾಗಿ ನಿಲ್ಲಿ, ಫೋಟೋ ಹಾಕೋಣ ಎಂದೆ. ಒಬ್ಬಳು ದುಪಟ್ಟಾ ಮುಖದ ಮೇಲೆ ಎಳೆದುಕೊಂಡಳು. "ಬ್ಯಾಡ್ರಿ ಸರ್. ನನ್ನ ಮುಖ ಫೇಸ್‌ಬುಕ್ಕಿನಾಗ ಕಂಡ್ರ ನಮ್ಮಪ್ಪ ನಾಳಿಗೇ ಕಾಲೇಜ್ ಬಿಡಿಸ್ತಾನ."

ಕಾಕಾ ಹಲ್ಲಲ್ಲಿ ಹಿಡಿದಿದ್ದ ದಾರ ತೆಗೆದರು. "ಮುಖ ಯಾಕ ಬೇಕ್ರಿ? ತಾಸುಗಟ್ಲೆ ನಿಂತಿದ್ದು ಕಾಲು. ಕಾಲಿಂದು ಹಾಕ್ರಿ ಫೋಟೋ."

ಮುಖವಿಲ್ಲದ ಸಾಕ್ಷಿಯನ್ನು ಯಾರು ಒಪ್ಪುತ್ತಾರೆ ಎಂದು ಓದಿದವನ ಗತ್ತಿನಲ್ಲಿ ವಾದಿಸಿದೆ.

"ಹಾಕಿ ನೋಡ್ರಿ. ನಿಮ್ಮ ಗಂಟೇನು ಹೋಗ್ತತಿ?"

ಅಂದಿನಿಂದ ಬಸ್ಸಿನವರ ಅದೇ ಪುಟದಲ್ಲಿ ದಿನಕ್ಕೆರಡು ಫೋಟೋ. ಐದೂವರೆಗೆ ಒಂದು, ಏಳಕ್ಕೆ ಒಂದು. ಅದೇ ಜಾಗ, ಅವೇ ಚಪ್ಪಲಿಗಳು. ಕೆಳಗಿನ ಮಾತು ಕಾಕಾನದು: "ಹಸಿರು ಪಟ್ಟಿದು ಸೋಮವಾರದಿಂದ ಕಾಯಾಕ ಹತ್ತೈತಿ. ಪಕ್ಕದ್ದರ ಉಂಗುಟ ನಾನ ಮೂರು ಸಲ ಹೊಲದೀನಿ." ಯಾರೋ ಕೆಣಕಿದರು: "ಚಪ್ಪಲಿ ಅಂಗಡಿ ಜಾಹೀರಾತೇನಪಾ?" ಅದನ್ನು ನನ್ನಿಂದ ಎರಡು ಸಲ ಓದಿಸಿ, ಕಾಕಾ ತಮ್ಮ ದನಿಯಲ್ಲೇ ಉತ್ತರ ರೆಕಾರ್ಡ್ ಮಾಡಿಸಿ ಹಾಕಿಸಿದರು: "ಹೌದಪಾ, ಕಾದು ಕಾದು ಸವದ ಮಾಲು. ನೀನೂ ಬಂದು ನಿಂದ್ರು, ನಿಂದೂ ಸವೀತಾವು."

ಆ ದನಿ ಊರೂರು ತಿರುಗಿತು. ಕೊಟ್ಟೂರು, ಕೂಡ್ಲಿಗಿ, ಹಡಗಲಿಯಲ್ಲಿ ಕಾಯುವವರೂ ತಮ್ಮ ಕಾಲುಗಳನ್ನು ಕಳಿಸತೊಡಗಿದರು. ಒಬ್ಬ ಪುಣ್ಯಾತ್ಮ ಜೊತೆಗೆ ಕುರಿಯ ಕಾಲನ್ನೂ ಸೇರಿಸಿದ್ದ.

ಒಂದು ಮಧ್ಯಾಹ್ನ ಬಸ್ಸಿನವರ ಒಬ್ಬ ಅಧಿಕಾರಿ ಕಾಕಾನ ಮುಂದೆ ಬಂದು ಮೊಬೈಲಿನಲ್ಲಿ ಆ ಫೋಟೋ ಹಿಡಿದ. "ಯಾರಿವರು? ಹೆಸರು ಹೇಳು."

"ಚಪ್ಪಲಿ ಗೊತ್ತು ಸಾಹೇಬ್ರ. ಹೆಸರು ಗೊತ್ತಿಲ್ಲ."

ಶುದ್ಧ ಸುಳ್ಳು. ಪ್ರತಿಯೊಬ್ಬಳ ಹೆಸರು, ಊರು, ಅವಳಪ್ಪನ ಸಿಟ್ಟು ಎಲ್ಲ ಅವರಿಗೆ ಗೊತ್ತಿತ್ತು.

"ನಿನಗೆ ಇಲ್ಲಿ ಕೂರೋದು ಬೇಕೋ ಬೇಡವೋ?"

"ಎಬ್ಬಸ್ರಿ. ಬೀದ್ಯಾಗೂ ಚಪ್ಪಲಿ ಹರೀತಾವು."

ಎಬ್ಬಿಸಿದರು. ಕಾಕಾ ಗೇಟಿನಾಚೆ ಬಿಸಿಲಲ್ಲಿ ಹರಕು ಕೊಡೆ ನೆಟ್ಟು ಕೂತರು. ಫೋಟೋಗಳು ನಿಲ್ಲಲಿಲ್ಲ. ಕೆಲವು ದಿನಗಳಲ್ಲಿ ಐದೂವರೆಯ ಬಸ್ಸು ಬಂತು, ಮರುದಿನವೂ ಬಂತು. ಹುಡುಗಿಯರು ಕಿಟಕಿಯಿಂದ ಕೂಗಿದಾಗ ಕಾಕಾ ಕೈಬೀಸಿದರು ಎಂಬುದು ನನ್ನ ನೆನಪು. "ಇಲ್ಲ ಸರ್, ತಲೀನೂ ಎತ್ತಲಿಲ್ಲ" ಎನ್ನುತ್ತಾಳೆ ಅಂದು ದುಪಟ್ಟಾ ಎಳೆದುಕೊಂಡವಳು. ಅವಳೇ ಸರಿಯಿರಬೇಕು.

ಆಮೇಲೆ ಆ ಅಧಿಕಾರಿಯ ಕಡೆಯಿಂದ ನನ್ನ ಮೊಬೈಲಿಗೆ ಒಂದು ಸೂಚನೆ ಬಂತು: ಚಪ್ಪಲಿ ಹೊಲಿಯುವಾತ ಅಧಿಕಾರಿಗೆ ಧನ್ಯವಾದ ಹೇಳುವ ವಿಡಿಯೋ ಮಾಡಿಕೊಟ್ಟರೆ ನಿಲ್ದಾಣದೊಳಗಿನ ಜಾಗ ವಾಪಸ್ಸು. ನಾನು ಧನ್ಯವಾದದ ನಾಲ್ಕು ಸಾಲು ಮೊಬೈಲಿನಲ್ಲಿ ಬರೆದುಕೊಂಡು ಹೋದೆ. "ಹೇಳಿಬಿಡಿ ಕಾಕಾ, ನೆರಳಾದರೂ ಸಿಗುತ್ತೆ" ಎಂದೆ.

ಅವರು ಓದಿಸಿ ಕೇಳಿದರು. "ಚಲೋ ಬರದೀರಿ" ಎಂದರು. ಆಮೇಲೆ, "ಬಸ್ ಬಿಡೋದು ಅವರ ಕೆಲಸ. ನಾ ಇಷ್ಟು ವರ್ಷ ಹೊಲದೀನಿ, ನನಗ ಯಾರರ ವಿಡಿಯೋ ಮಾಡ್ಯಾರೇನು?"

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಕೂತದ್ದು ಆ ಬಿಸಿಲಲ್ಲೇ. ನಾನು ಬರೆದ ನಾಲ್ಕು ಸಾಲು ಇನ್ನೂ ನನ್ನ ಮೊಬೈಲಿನಲ್ಲಿವೆ. ಅವುಗಳ ವಿಷಯದಲ್ಲಿ ಮಾತ್ರ ನೆನಪು ತಪ್ಪಿತೆಂದು ಜಾರಿಕೊಳ್ಳಲಾರೆ.