ಇಳಿಸಿದ ಬಿಲ್ಲು

ಚಿಕುನ್‌ಗುನ್ಯಾ ವಾಸಿಯಾದ ಮೇಲೂ ನನ್ನ ಮೈ ಹಿಡಿತಕ್ಕೆ ಬಂದಿರಲಿಲ್ಲ. ವಾಡಿಯ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಭುಜ ಹಿಡಿದುಕೊಳ್ಳುತ್ತಿತ್ತು. ಸಂಜೆ ಮನೆಗೆ ಬಂದರೆ ಜಡೆ ಬಿಚ್ಚಲೂ ಬೇಸರ. ಆದರೂ ಭಾನುವಾರ ಬಿಲ್ಲಿನ ಚೀಲ ಹೊತ್ತು ಭಂಕೂರಿಗೆ ಹೊರಡುತ್ತಿದ್ದೆ. ಅಲ್ಲಿ ಅಕ್ಕನ ಮನೆಯ ಹಿಂದೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಬಯಲಿನಲ್ಲಿ, ಹುಲ್ಲು ಬಿಗಿದು ಮಾಡಿದ ಗುರಿಯೊಂದನ್ನು ನಿಲ್ಲಿಸಿಕೊಂಡಿದ್ದೆವು. ಹುಡುಗಿಯರಾಗಿದ್ದಾಗ ಇಬ್ಬರೂ ಶಹಾಬಾದಿನ ಒಬ್ಬ ಸರ್ ಹತ್ತಿರ ಬಿಲ್ಲುಗಾರಿಕೆ ಕಲಿತವರು. ಮದುವೆಯಾದ ಮೇಲೆ ಅಕ್ಕ ಬಿಟ್ಟಳು. ನಾನು ಬಿಡಲಿಲ್ಲ.

ನನ್ನದು ಮೂವತ್ತಾರು ಪೌಂಡಿನ ಬಿಲ್ಲು. ದಾರವನ್ನು ಗದ್ದದವರೆಗೆ ಎಳೆದು ಹಿಡಿದಾಗ ಬೆರಳಿನ ಮೇಲೆ ಅಷ್ಟು ಭಾರ ಕೂತಿರುತ್ತದೆ. ಮೈ ಗಟ್ಟಿಯಿದ್ದಾಗ ಅದು ಭಾರ ಅನ್ನಿಸಿದ್ದೇ ಇಲ್ಲ. ಆ ಭಾನುವಾರ ದಾರ ಗದ್ದ ಮುಟ್ಟುವ ಮೊದಲೇ ಬಿಲ್ಲು ಹಿಡಿದ ಕೈ ನಡುಗತೊಡಗಿತು. ಹಿಡಿದು ನಿಲ್ಲಲಾಗದೆ ಬಿಟ್ಟುಬಿಟ್ಟೆ. ಬಾಣ ಗುರಿಯನ್ನು ಮುಟ್ಟದೆ ಕಲ್ಲಿಗೆ ಬಡಿದು ಸೀಳಿಹೋಯಿತು.

ಬಟ್ಟೆ ಒಣ ಹಾಕುತ್ತಿದ್ದ ಅಕ್ಕ ಅಷ್ಟೂ ಹೊತ್ತು ನೋಡುತ್ತಿದ್ದಳಂತೆ.

“ನಿನ್ನ ಭುಜ ಕಿವಿತನಾ ಏರಲಿಕತ್ತದ. ಯಾಕ ಅಷ್ಟು ಜಗ್ಗತಿ?”

“ಮೊದಲು ಇಷ್ಟೇ ಜಗ್ಗತಿದ್ದೆ, ಅಕ್ಕಾ.”

“ಮೊದಲಿಂದು ಬ್ಯಾರೆ. ಈಗ ನೀ ಭಾಳ ದಣದಿದ್ದಿ. ಬಿಲ್ಲಿನ ಭಾರ ಇಳಸು.”

ವಾದ ಮಾಡಲು ಶಕ್ತಿಯಿರಲಿಲ್ಲ. ದಾರ ಬಿಚ್ಚಿ, ಬಿಲ್ಲಿನ ಹಿಡಿಗೆ ಮೇಲಿನ ತೋಳನ್ನೂ ಕೆಳಗಿನ ತೋಳನ್ನೂ, ಅಂದರೆ ಬಾಗುವ ಎರಡು ಪಟ್ಟಿಗಳನ್ನು, ಬಿಗಿದಿರುವ ಬೋಲ್ಟುಗಳನ್ನು ಸಮನಾಗಿ ಸಡಿಲಿಸಿದೆ. ಒಂದು ಹೆಚ್ಚು, ಒಂದು ಕಡಿಮೆಯಾದರೆ ಬಿಲ್ಲಿನ ಸಮತೋಲ ಕೆಡುತ್ತದೆ. ಭಾವನ ಅಂಗಡಿಯಲ್ಲಿ ತೊಗರಿ ತೂಗುವ ಕೊಕ್ಕೆಯ ಕಾಟಾವನ್ನು ಅಕ್ಕ ತಂದಳು. ಮತ್ತೆ ದಾರ ಏರಿಸಿ, ಅದಕ್ಕೆ ಕೊಕ್ಕೆ ಸಿಕ್ಕಿಸಿ ಎಳೆದು ನೋಡಿದೆವು. ಮೂರು ಪೌಂಡಿನಷ್ಟು ಇಳಿದಿತ್ತು. ಅದಕ್ಕಿಂತ ಸಡಿಲಿಸಿದರೆ ತೋಳುಗಳೇ ಕಳಚಿ ಬರುತ್ತವೆ. ಕೈ ಮಾತ್ರ ಮೊದಲಿನಂತೆಯೇ ನಡುಗುತ್ತಿತ್ತು.

ಸರ್‌ಗೆ ಫೋನ್ ಮಾಡಿದೆ. ತೋಳುಗಳನ್ನೇ ಬದಲಿಸಬೇಕು ಎಂದರು. ಬಾಣವಿಲ್ಲದೆ ಎಳೆದು, ಉಸಿರು ನಿಧಾನವಾಗಿ ಬಿಡುವವರೆಗೆ ಹಿಡಿದು, ದಾರ ಬಿಟ್ಟುಬಿಡದೆ ಮೆಲ್ಲಗೆ ಹಿಂದಕ್ಕೆ ತರಬೇಕು. ಹಾಗೆ ಹಲವು ಸಲ ಮಾಡಿದರೂ ನಡುಕ ಬರದಿದ್ದರೆ ಅದೇ ನನಗೆ ತಕ್ಕ ಭಾರ ಎಂದರು. ಮರುವಾರ ಅವರ ಮನೆಗೆ ಹೋದಾಗ ಇಪ್ಪತ್ತಾರು ಪೌಂಡಿನ ತೋಳುಗಳನ್ನು ಕೈಗಿಟ್ಟರು. ಕಲಿಯುವವರಿಗೆ ಕೊಡುವಂಥವು. ಅವನ್ನು ಚೀಲದ ತಳಕ್ಕೆ ತುರುಕಿಕೊಂಡು ಭಂಕೂರಿಗೆ ಬಂದೆ.

ಹೊಸ ತೋಳುಗಳಿಂದ ಬಿಟ್ಟ ಬಾಣಗಳು ಗುರಿಯ ಬುಡಕ್ಕೆ, ಅದೂ ಎಡಕ್ಕೆ ಹೋಗಿ ನಾಟಿದವು. ಗುರಿ ನೋಡುವ ಪಿನ್ನನ್ನು ಕೆಳಗಿಳಿಸಿದ ಮೇಲೆ ಎತ್ತರ ಸರಿಹೋಯಿತು. ಎಡಕ್ಕೆ ಸರಿಯುವುದು ನಿಲ್ಲಲಿಲ್ಲ. ನನ್ನ ಹಳೆಯ ಬಾಣಗಳು ಈ ಬಿಲ್ಲಿಗೆ ತೀರ ಗಡಸು, ಸಾಕಷ್ಟು ಬಾಗದೆ ಪಕ್ಕಕ್ಕೆ ಹೋಗುತ್ತವೆ. ಬೇರೆ ಬಾಣ ಬೇಕು, ಮತ್ತೆ ಎಲ್ಲ ಮೊದಲಿನಿಂದ ಹೊಂದಿಸಬೇಕು. ಅದನ್ನು ನೆನೆಸಿಕೊಂಡೇ ಸುಸ್ತಾಗಿ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಆ ವರ್ಷದ ನೌಕರರ ಕ್ರೀಡಾಕೂಟದ ಬಿಲ್ಲುಗಾರಿಕೆ ಸ್ಪರ್ಧೆಗೆ ಬರುವುದಿಲ್ಲವೆಂದು ಅಲ್ಲಿಂದಲೇ ಫೋನಿನಲ್ಲಿ ತಿಳಿಸಿದೆ.

“ತಾ ಇಲ್ಲಿ, ಒಂದು ನಾ ಬಿಡತೀನಿ,” ಎಂದಳು ಅಕ್ಕ.

ಸೆರಗು ಸಿಕ್ಕಿಸಿ ನಿಂತಳು. ಎಳೆದಳು, ತಡೆದಳು, ಬಿಡದೆ ಹಿಂದಕ್ಕೆ ತಂದಳು. ಎರಡನೆಯ ಸಲ ಬಿಟ್ಟ ಬಾಣ ಗುರಿಯ ಅಂಚಿಗೆ ಕಚ್ಚಿಕೊಂಡಿತು. ಅವಳು ನಗಲಿಲ್ಲ. ಬೆರಳುಗಳನ್ನು ತಿಕ್ಕಿಕೊಳ್ಳುತ್ತ ಅದನ್ನೇ ನೋಡುತ್ತ ನಿಂತಳು.

ಚಳಿಗಾಲದಲ್ಲಿ ಬೋಲ್ಟುಗಳನ್ನು ಸ್ವಲ್ಪ ಬಿಗಿ ಮಾಡಿ ನೋಡಿದೆ. ವಾರದೊಳಗೆ ನೋವು ಮರಳಿತು, ಮತ್ತೆ ಸಡಿಲಿಸಿದೆ. ಈಗ ಆ ಬಿಲ್ಲನ್ನು ಇಬ್ಬರೂ ಸರದಿಯಲ್ಲಿ ಹಿಡಿಯುತ್ತೇವೆ. ಬಿಸಿಲೇರುವ ಮೊದಲೇ ಸಾಕಾಗುತ್ತದೆ. ಅಕ್ಕ ರೊಟ್ಟಿ ಬಡಿಯಲು ಹೋಗುತ್ತಾಳೆ. ನಾನು ಪಡಸಾಲೆಯ ತಣ್ಣನೆಯ ಫರಸಿಯ ಮೇಲೆ ಮಲಗಿ ವಾಡಿಗೆ ಮರಳುವ ರೈಲಿನ ಹೊತ್ತಿಗೆ ಕಾಯುತ್ತೇನೆ.