ಮಿರ್ದಿಫಿನ ಮೊದಲ ಒಕ್ಕಲು

ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನ ಊರೊಂದಕ್ಕೆ ನಾನು ಒಮ್ಮೆ ಚರಿತ್ರೆ ಬರೆದಿದ್ದೇನೆ. ಈಗ ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯೇ. ಊರಿನ ಹೆಸರು ಮಿರ್ದಿಫ್. ದುಬೈ ವಿಮಾನ ನಿಲ್ದಾಣಕ್ಕೆ ಎಷ್ಟು ಹತ್ತಿರವೆಂದರೆ, ಮಾತಿನ ನಡುವೆ ವಿಮಾನ ಹಾದುಹೋದರೆ ಬಾಯಿ ತೆರೆದುಕೊಂಡೇ ಕಾದು ಆಮೇಲೆ ವಾಕ್ಯ ಮುಗಿಸುವುದು ನಮಗೆಲ್ಲ ರೂಢಿಯಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಅಲ್ಲಿಗೆ ಬಾಡಿಗೆಗೆ ಹೋದಾಗ ಜನ ವಾಸವಿದ್ದ ಮನೆಗಳಿಗಿಂತ ಸೆಂಟ್ರಿಂಗ್ ಹಾಕಿ ನಿಂತಿದ್ದ ಮನೆಗಳೇ ಹೆಚ್ಚು. ಈ ತಿಂಗಳು ಕಾರು ನಿಲ್ಲಿಸಿದ ಬಯಲಿನಲ್ಲಿ ಮುಂದಿನ ತಿಂಗಳು ಪಾಯ ತೋಡಿರುತ್ತಿದ್ದರು. ನಾಲ್ಕೈದು ವರ್ಷಗಳಲ್ಲಿ ಮಸೀದಿ, ಶಾಲೆ, ಸೂಪರ್ ಮಾರ್ಕೆಟ್ಟು, ಇಸ್ತ್ರಿ ಅಂಗಡಿ ಎಲ್ಲ ಬಂದು ಊರು ತುಂಬಿಹೋಯಿತು.

ಇಂಥ ಊರಿನಲ್ಲಿ ಹಿರಿತನ ತೀರ್ಮಾನವಾಗುವುದು ನಾವು ಬಂದಾಗ ಏನೇನು ಇರಲಿಲ್ಲ ಎಂಬುದರ ಮೇಲೆ. ಒಬ್ಬರು ಚಹಾ ಹೀರುತ್ತಾ "ನಾವು ಬಂದಾಗ ಡಾಂಬರು ಇರಲಿಲ್ಲ" ಎನ್ನುವರು. ಅವರಿಗಿಂತ ಆರು ತಿಂಗಳು ಮೊದಲು ಬಂದವರು "ನಾವು ಬಂದಾಗ ದೀಪದ ಕಂಬವೇ ಇರಲಿಲ್ಲ" ಎಂದು ಅವರ ಬಾಯಿ ಮುಚ್ಚಿಸುವರು. ನಾನಂತೂ "ನಾವು ಬಂದಾಗ ಪಕ್ಕದ ಮನೆಯೇ ಇರಲಿಲ್ಲ" ಎಂದು, ಆ ಪಕ್ಕದ ಮನೆಯವರ ಎದುರಿಗೇ, ಅವರದೇ ಸೋಫಾದಲ್ಲಿ ಕುಳಿತು ಹೇಳಿದವನು.

ಹಾಗಾಗಿ ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಮಿರ್ದಿಫಿನ ಬಗ್ಗೆ ಒಂದು ಪುಟ ಬೇಕೆಂದಾಗ ಆ ಕೆಲಸ ನನಗೇ ಬಂದಿತು. ಬರೆಯಲು ಕೂತ ಮೇಲೆ ಕಷ್ಟ ತಿಳಿಯಿತು. ನಮ್ಮ ಕಡೆ ಊರೆಂದರೆ ಅದಕ್ಕೊಂದು ಸ್ಥಳಪುರಾಣವಿರುತ್ತದೆ. ಹುತ್ತಕ್ಕೆ ಹಾಲು ಸುರಿಸಿದ ಹಸುವೋ, ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋದ ಮೊಲವೋ, ಕೊನೆಗೆ ತಪಸ್ಸಿಗೆ ಕೂತ ಒಬ್ಬ ಋಷಿಯಾದರೂ ಇರಬೇಕು. ಮಿರ್ದಿಫಿನಲ್ಲಿ ನನಗೆ ಸಿಕ್ಕಿದ್ದು ಪ್ಲಾಟ್ ನಂಬರು ಮಾತ್ರ. ಋಷಿಯ ಜಾಗ ಖಾಲಿ ಇದೆಯಲ್ಲ ಎಂದು ನಾನೇ ಹೋಗಿ ಕೂತೆ. "ಇಲ್ಲಿ ಮೊದಲು ನೆಲೆಸಿದ ಕನ್ನಡಿಗರು" ಎಂದು ನನ್ನ, ಹೆಂಡತಿಯ, ಮಗಳ ಹೆಸರು ಬರೆದು, ಬಾಡಿಗೆ ಕರಾರನ್ನು ಶಾಸನದಂತೆ ಉಲ್ಲೇಖಿಸಿ, ಪೂರ್ತಿ ಒಂದು ಪ್ಯಾರಾ ತುಂಬಿಸಿದೆ. ಲೇಖನದ ಕೆಳಗೆ ಬಳಗದ ಹೆಸರಷ್ಟೇ ಇರುತ್ತಿದ್ದುದರಿಂದ ಇದನ್ನು ಬರೆದವನು ನಾನೇ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆ ಪ್ಯಾರಾವನ್ನು ಎಷ್ಟು ಸಲ ಓದಿಕೊಂಡೆನೋ ಲೆಕ್ಕವಿಲ್ಲ.

ಸಂಚಿಕೆ ಶಾರ್ಜಾದ ಪ್ರೆಸ್ಸಿಗೆ ಹೋಗಿದ್ದ ವಾರ ನಮ್ಮ ಮನೆಯ ಗೀಸರ್ ಕೆಟ್ಟಿತು. ಅದನ್ನು ನೋಡಲು ಬಂದವರು ವಾಸಣ್ಣ. ಕಾಪು ಕಡೆಯವರು, ಎಲೆಕ್ಟ್ರಿಷಿಯನ್; ಆ ಬೀದಿಯ ಮನೆಗಳನ್ನು ಕಟ್ಟಿದ ಕಂಪನಿಯಲ್ಲಿ ಬಹಳ ಹಿಂದಿನಿಂದ ಇದ್ದವರು. ಕೆಲಸ ಮುಗಿಸಿ ಕಾಫಿ ಕುಡಿಯುತ್ತಾ ಹೇಳಿದರು: "ಇದೇ ಲಾಸ್ಟ್ ಸರ್. ಅರುವತ್ತು ಆಯ್ತಲ್ಲ, ವೀಸಾ ಖಲಾಸ್. ಮುಂದಿನ ಶುಕ್ರವಾರ ಊರಿಗೆ."

ಆಮೇಲೆ, "ಬಳಗದವರು ಹೇಳಿದ್ರು, ನೀವು ಪುಸ್ತಕಕ್ಕೆ ಇಲ್ಲಿಯ ಚರಿತ್ರೆ ಬರೀತಿದ್ದೀರಂತೆ, ಹೌದಾ? ಅದರಲ್ಲಿ ನನ್ನದೊಂದು ಗೆರೆ ಹಾಕ್ಲಿಕ್ಕೆ ಆಗ್ತದಾ?" ಎಂದರು.

ನೀವು ಇಲ್ಲಿ ಇದ್ದಿರಾ ಎಂದು ಕೇಳಿದೆ. ನನ್ನ ದನಿಯಲ್ಲಿ ತನಿಖೆಯ ಧಾಟಿ ಇತ್ತೆಂದು ಈಗ ಅನ್ನಿಸುತ್ತದೆ.

"ಮೂರು ವರ್ಷ ಸರ್, ಮನೆಗಳನ್ನು ಕಟ್ಟುವಾಗ, ಈ ನಿಮ್ಮ ಬೀದಿಯ ತುದಿಯಲ್ಲಿ, ಕೆಲಸದವರ ಕ್ಯಾಬಿನ್ನಿನಲ್ಲಿ. ಬೀದಿಯ ಎಲ್ಲ ಮನೆಗೂ ವಯರಿಂಗ್ ನನ್ನದೇ. ಕೀ ಕೊಡುವ ಮೊದಲು ಅಡುಗೆಕೋಣೆಯ ಪಾಯಿಂಟಿಗೆ ಹಾಟ್‌ಪ್ಲೇಟ್ ಸಿಕ್ಕಿಸಿ ಟೆಸ್ಟ್ ಮಾಡ್ಲಿಕ್ಕುಂಟು. ಎಲ್ಲರೂ ನೀರು ಇಡ್ತಾರೆ. ನಾನು ಪುಡಿಹಾಲು ಕಲಸಿ ಇಡ್ತಿದ್ದೆ. ಉಕ್ಕಿ ಚೆಲ್ಲಿದ ಮೇಲೆಯೇ ಸ್ವಿಚ್ ಆಫ್ ಮಾಡುದು. ಯಾರ ಮನೆಯೋ ಏನೋ, ಹಾಲು ಉಕ್ಕಿಸದೆ ಹಾಗೇ ಕೊಡ್ಲಿಕ್ಕೆ ಮನಸ್ಸು ಬರ್ತಿರ್ಲಿಲ್ಲ."

"ಈ ಮನೆಯಲ್ಲೂನಾ?" ಎಂದಳು ನನ್ನ ಹೆಂಡತಿ ಸುಮಾ.

"ಹೌದಕ್ಕ. ಅಲ್ಲೇ, ನಿಮ್ಮ ಮಿಕ್ಸಿ ಇರುವಲ್ಲಿ."

ನಾವು ಈ ಮನೆಗೆ ಬಂದ ದಿನ ಮೈಸೂರಿನ ಶಾಸ್ತ್ರದ ಪ್ರಕಾರ ಹಾಲು ಉಕ್ಕಿಸಿ, ಅದರ ಫೋಟೋ ತೆಗೆಸಿ, ಊರಿಗೆಲ್ಲ ಕಳಿಸಿದ್ದೆವು. ಅದು ಎರಡನೆಯ ಸಲದ್ದು ಎಂದು ಅವತ್ತು ತಿಳಿಯಿತು.

ವಾಸಣ್ಣ ಲೋಟ ಕೆಳಗಿಟ್ಟರು. "ಹೆಂಡತಿಯನ್ನು ಒಮ್ಮೆಯೂ ಇಲ್ಲಿಗೆ ಕರ್ಕೊಂಡು ಬರ್ಲಿಕ್ಕೆ ಆಗ್ಲಿಲ್ಲ ಸರ್, ನಮ್ಮ ಸಂಬಳಕ್ಕೆ ಫ್ಯಾಮಿಲಿ ವೀಸಾ ಇಲ್ಲ. ಇಷ್ಟು ವರ್ಷ ಏನು ಮಾಡಿದೆ ಅಂತ ಅವಳಿಗೆ ತೋರಿಸ್ಲಿಕ್ಕೂ ಏನಿಲ್ಲ. ವಯರೆಲ್ಲ ಗೋಡೆಯ ಒಳಗೆ ಹೋಗ್ತದಲ್ವಾ, ಫೋಟೋದಲ್ಲಿ ಕಾಣುದಿಲ್ಲ."

ನೋಡೋಣ ಎಂದು ಹೇಳಿ ಕಳಿಸಿದೆ. ಅವರು ಹೋದ ಮೇಲೆ ನನ್ನ ಬುದ್ಧಿ ಎಂಥ ಕೆಲಸ ಮಾಡಿತೆಂದರೆ, ಹೇಳಿಕೊಳ್ಳುವ ಹಾಗಿಲ್ಲ. ಕ್ಯಾಬಿನ್ನಿನಲ್ಲಿ ಇರುವುದು ಬೇರೆ, ನೆಲೆಸುವುದು ಬೇರೆ ಎಂದು ಸುಮಾಳಿಗೆ ವಿವರಿಸತೊಡಗಿದೆ. ಬೇಕಾದರೆ "ಮೊದಲ ಕನ್ನಡ ಕುಟುಂಬ" ಎಂದು ತಿದ್ದಬಹುದು, ಆಗ ಸುಳ್ಳೂ ಆಗುವುದಿಲ್ಲ ಎಂದೆ.

ಅವಳು ಸಿಂಕಿನಲ್ಲಿ ವಾಸಣ್ಣನವರ ಲೋಟ ತೊಳೆಯುತ್ತಿದ್ದಳು. "ಅವರಿಗೆ ಕುಟುಂಬ ಕರ್ಕೊಂಡು ಬರೋಕಾಗ್ಲಿಲ್ಲ ಅಂತ ಈಗ ತಾನೆ ಹೇಳಿದ್ರು. ನೀವು ಅದನ್ನೇ ಹಿಡ್ಕೊಂಡು ಗೆಲ್ಲೋಕೆ ಹೊರಟಿದ್ದೀರಲ್ರೀ" ಎಂದಳು.

ಆಗಲೇ ಸಂಪಾದಕರಿಗೆ ಫೋನು ಮಾಡಿದೆ. "ಪುಟ ಕಟ್ಟಿ ಆಗಿದೆ ಸ್ವಾಮಿ, ಇನ್ನು ಜಾಗ ಇಲ್ಲ. ಸೇರಿಸಲೇಬೇಕು ಅಂದ್ರೆ ಅಷ್ಟೇ ಸಾಲು ತೆಗೀಬೇಕು. ಅದೂ ಇವತ್ತು ಸಾಯಂಕಾಲದೊಳಗೆ" ಎಂದರು.

ಏನು ತೆಗೆಯಲಿ? ಮಸೀದಿ ತೆಗೆಯುವಂತಿಲ್ಲ, ಶಾಲೆ ತೆಗೆಯುವಂತಿಲ್ಲ. ವಿಮಾನದ ಸದ್ದಿನ ಬಗ್ಗೆ ಎರಡು ಸಾಲಿದ್ದವು, ಅವನ್ನು ತೆಗೆದರೆ ಸಾಲುತ್ತಿರಲಿಲ್ಲ. ಪುಟವನ್ನು ಮೇಲಿಂದ ಕೆಳಕ್ಕೆ ಮೂರು ಸಲ ಓದಿದೆ. ಬಿಟ್ಟರೆ ಯಾರಿಗೂ ನಷ್ಟವಿಲ್ಲದ ಪ್ಯಾರಾ ಅದರಲ್ಲಿ ಒಂದೇ ಇತ್ತು, ಅದು ಯಾವುದೆಂದು ನನಗೆ ಮೊದಲ ಓದಿನಲ್ಲೇ ಗೊತ್ತಾಗಿತ್ತು. ಸಾಯಂಕಾಲ ಅದನ್ನು ತೆಗೆಸಿ, ಅದರ ಜಾಗಕ್ಕೆ ಕಾಪುವಿನ ವಾಸಣ್ಣನವರನ್ನೂ ಅವರ ಹಾಟ್‌ಪ್ಲೇಟನ್ನೂ ಪುಡಿಹಾಲನ್ನೂ ಸೇರಿಸಿದೆ. ದೊಡ್ಡ ತ್ಯಾಗ ಮಾಡಿದವನಂತೆ ಎರಡು ದಿನ ಓಡಾಡಿದೆ ಕೂಡ.

ಶುಕ್ರವಾರ ಮಧ್ಯಾಹ್ನ ವಾಸಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಸಂಜೆಗೆ ವಿಮಾನ. ಪ್ರೆಸ್ಸಿನಿಂದ ತಂದಿದ್ದ ಪ್ರತಿಯನ್ನು ಕೊಟ್ಟೆ. ನಿಂತುಕೊಂಡೇ ಓದಿದರು. ಮತ್ತೆ ಮೊದಲಿನಿಂದ ಓದಿದರು. ಪುಟ ತಿರುವಿ ಹಿಂದೆ ನೋಡಿದರು, ಏನೋ ಹುಡುಕುವವರಂತೆ.

"ನಿಮ್ಮ ಹೆಸರು ಎಲ್ಲಿ ಸರ್?"

"ಜಾಗ ಸಾಲಲಿಲ್ಲ ವಾಸಣ್ಣ."

ಅದು ಅವರಿಗೆ ಸರಿಬರಲಿಲ್ಲ. ಜೇಬಿನಿಂದ ಗೋಡೆಗೆ ಗುರುತು ಹಾಕುವ ದಪ್ಪ ಪೆನ್ಸಿಲು ತೆಗೆದು ಡೈನಿಂಗ್ ಟೇಬಲ್ಲಿಗೆ ಕೂತರು. ಮಗಳನ್ನು ಕರೆದು ಅವಳ ಹೆಸರು ಕೇಳಿಕೊಂಡರು. ತಮ್ಮ ಗೆರೆಯ ಕೆಳಗಿದ್ದ ಖಾಲಿ ಅಂಚಿನಲ್ಲಿ ನಮ್ಮ ಮೂವರ ಹೆಸರನ್ನೂ ಒತ್ತಿ ಒತ್ತಿ ಬರೆದರು.

"ಇದೆಲ್ಲ ಯಾಕೆ?" ಎಂದೆ.

"ಹೆಂಡತಿ ಕೇಳ್ತಾಳಲ್ಲ ಸರ್, ಹಾಲು ಉಕ್ಕಿಸಿದ್ದು ಯಾರಿಗೆ ಅಂತ."

ಆ ಸಂಚಿಕೆಯ ಬೇರೆ ಯಾವ ಪ್ರತಿಯಲ್ಲೂ ನಾವಿಲ್ಲ. ಕಾಪುವಿನ ಒಂದು ಮನೆಯಲ್ಲಿರುವ ಪ್ರತಿಯಲ್ಲಿ ಮಾತ್ರ ಇದ್ದೇವೆ, ಅದೂ ಪೆನ್ಸಿಲಿನಲ್ಲಿ. ಬಾಡಿಗೆಗೆ ಬಂದು ಹೋಗುವವರಿಗೆ ಅಷ್ಟು ಚರಿತ್ರೆ ಧಾರಾಳವಾಯಿತು.