ಬೇಲಿ ದಾಟುವ ಗಡ್ಡೆ

ರುಕ್ಮಿಣಿ, ನಿನ್ನಮ್ಮ ಹಟ ಹಿಡಿದು ಸಾಯಲಿಲ್ಲ. ನಾನು ಸುಳ್ಳು ಹೇಳಿದೆ, ಅವರು ನಂಬಿದರು — ಅದಕ್ಕೇ ಸತ್ತರು.

ಆಗ ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದೆ. ಡಾಕ್ಟರಮ್ಮ ಇಂಗ್ಲೆಂಡಿನವರು. ಅವರು ಹೇಳಿದ್ದನ್ನು ರೋಗಿಗಳಿಗೆ ಕನ್ನಡದಲ್ಲೋ ತೆಲುಗಿನಲ್ಲೋ ತಿಳಿಸುವುದೂ ನನ್ನ ಕೆಲಸವೇ. ಒಂದು ಬೆಳಗ್ಗೆ ಮುಳಬಾಗಿಲಿನ ಕಡೆಯ ನಮ್ಮೂರಿಂದ ನಿನ್ನಮ್ಮ, ಅಂದರೆ ನನ್ನ ಅತ್ತಿಗೆ, ಬಸ್ಸು ಹತ್ತಿ ಬಂದರು. ಎದೆಯಲ್ಲಿ ಹುಣಸೆಬೀಜದಷ್ಟು ಗಂಟು. "ನೋವೇ ಇಲ್ಲದ ಮೇಲೆ ಎಂಥಾ ಕಾಯ್ಲೆ ಬಿಡೇ" ಎಂದು ನಗುತ್ತಲೇ ಮಂಚ ಹತ್ತಿದರು. ಡಾಕ್ಟರಮ್ಮ ನಗಲಿಲ್ಲ. ಬಹಳ ಹೊತ್ತು ಒತ್ತಿ ನೋಡಿ, ನನ್ನ ಬೆರಳನ್ನೂ ಹಿಡಿದು ಆ ಗಂಟಿನ ಮೇಲಿಟ್ಟರು. ಕಲ್ಲಿನ ಹಾಗಿತ್ತು.

ಗಡ್ಡೆಗಳಲ್ಲಿ ಎರಡು ಜಾತಿ, ಎಂದರು. ಒಂದು ತನ್ನ ಚೀಲದೊಳಗೇ ಬೆಳೆಯುತ್ತದೆ. ಪಕ್ಕದ ಮಾಂಸವನ್ನು ನೂಕುತ್ತದೆ, ಒಳಹೊಕ್ಕುವುದಿಲ್ಲ. ಇನ್ನೊಂದು ಬೇಲಿ ದಾಟುತ್ತದೆ — ಅದೇ ಕ್ಯಾನ್ಸರ್. ಮೊದಲು ಕಂಕುಳಿನ ಗ್ರಂಥಿಗಳಿಗೆ, ಆಮೇಲೆ ರಕ್ತದ ಜೊತೆ ಮೂಳೆಗೆ, ಲಿವರಿಗೆ. ಅಲ್ಲಿ ಬೆಳೆದರೂ ಅದು ಲಿವರಿನ ಕ್ಯಾನ್ಸರ್ ಅಲ್ಲ, ಎದೆಯದೇ. ಎಲ್ಲಿಗೆ ಹೋದರೂ ಹುಟ್ಟಿದ ಜಾಗದ ಹೆಸರೇ ಅದಕ್ಕೆ. "ಇದು ಎರಡನೆಯದು ಅಂತ ನನ್ನ ಅನುಮಾನ. ಕಂಕುಳಲ್ಲಿ ಇನ್ನೂ ಏನೂ ಸಿಕ್ಕುತ್ತಿಲ್ಲ. ಈ ವಾರವೇ ಕತ್ತರಿಸಬೇಕು. ಪೂರ್ತಿ ಹೇಳು."

ನಾನು ಹೇಳಿದ್ದು ಮೊದಲನೆಯ ಜಾತಿಯನ್ನು ಮಾತ್ರ.

ಮನೆಯಲ್ಲಿ ಸಾಕಿದ್ದ ರೇಷ್ಮೆಹುಳ ಗೂಡು ಕಟ್ಟಿದ ಮೇಲೆ, ಆ ಗೂಡು ಮಾರಿದ ದುಡ್ಡಿನಲ್ಲಿ ನನ್ನ ಮದುವೆ ಎಂದು ನಿಶ್ಚಯವಾಗಿತ್ತು. ಮುಂಚೆಯೇ ಎರಡು ಸಂಬಂಧ ತಪ್ಪಿಹೋಗಿದ್ದವು, ಈ ಗಂಡಿನ ಕಡೆಯವರೂ ಕಾಯುವವರಲ್ಲ. ಆ ಹುಳಕ್ಕೆ ಸೊಪ್ಪು ಹಾಕುವ ಕೈ ನಿನ್ನಮ್ಮನದು. ಔಷಧಿಯ ವಾಸನೆ ಹೊತ್ತ ನನ್ನಂಥವರು ಹುಳದ ಕೋಣೆಗೆ ಕಾಲಿಡುವ ಹಾಗಿಲ್ಲ. ಅವರು ಆಸ್ಪತ್ರೆಯಲ್ಲಿ ಮಲಗಿದರೆ ಆ ಬೆಳೆಯೂ ಇಲ್ಲ, ಮದುವೆಯೂ — ಇಷ್ಟೇ, ನನ್ನ ತಲೆಗೆ ಬಂದದ್ದು ಇಷ್ಟೇ. ಡಾಕ್ಟರಮ್ಮನ ಕಡೆ ತಿರುಗಿ, "ಒಪ್ಪುತ್ತಿಲ್ಲ, ಹುಳ ಬಿಟ್ಟು ಬರುವುದಿಲ್ಲವಂತೆ" ಎಂದೆ. ಅತ್ತಿಗೆಗೆ ಆ ಇಂಗ್ಲಿಷ್ ತಿಳಿಯಲಿಲ್ಲ, ಪಾಪ, ಡಾಕ್ಟರಮ್ಮನಿಗೆ ಕೈಮುಗಿದರು. ಊರೆಲ್ಲ ಇವತ್ತಿಗೂ ಆಡುವ ಆ ಹಟದ ಕಥೆ ಹುಟ್ಟಿದ್ದು ನನ್ನ ಬಾಯಲ್ಲಿ.

ಮದುವೆ ಚೆನ್ನಾಗಿಯೇ ಆಯಿತು. ಆರು ತಿಂಗಳ ಮೇಲೆ ತವರಿಗೆ ಬಂದಾಗ ನಿನ್ನಮ್ಮನ ಕಂಕುಳು ಮುಟ್ಟಿ ನೋಡಿದೆ. ಮೂರು ಕಾಳು, ಒಂದಕ್ಕೊಂದು ಅಂಟಿಕೊಂಡು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಡವಾಯಿತು ಎಂದರು ಡಾಕ್ಟರಮ್ಮ. ಆ ಮಾತನ್ನೂ ನಾನು ಅತ್ತಿಗೆಗೆ ತಿಳಿಸಲಿಲ್ಲ.

ಕೊನೆಗೆ ಕಣ್ಣು ಹಳದಿಯಾಯಿತು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಕೇಳಿಸ್ತೈತಾ? ಹುಳ ಮೇಯ್ತಾವೆ" ಎಂದರು. ಆ ಸಲ ನಾವು ಹುಳ ಸಾಕಿರಲಿಲ್ಲ. ಹುಳದ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಇಟ್ಟಿದ್ದೆವು. ಆದರೂ ರುಕ್ಕು, ನನಗೆ ಕೇಳಿಸಿತು. ಸೊಪ್ಪು ಹರಿಯುವ ಆ ಸರಸರ ಸದ್ದು, ಕೋಣೆಯ ಕಡೆಯಿಂದಲ್ಲ — ಹಾಸಿಗೆಯ ಕಡೆಯಿಂದ. ಗಂಡನ ಮನೆಯಲ್ಲಿ ಹಿಪ್ಪುನೇರಳೆಯ ಒಂದು ಗಿಡವೂ ಇಲ್ಲ. ಅಕ್ಕಿ ಆರಿಸುತ್ತಾ ಕೂತಾಗ ಈಗಲೂ ಕೇಳಿಸುತ್ತದೆ.

ಹೋದ ವಾರ ನೀನು ಅಂದೆ: "ಅಮ್ಮಂಗೆ ನನಗಿಂತ ಹುಳಾನೇ ಹೆಚ್ಚಾಗಿತ್ತು ಅತ್ತೆ." ಇಲ್ಲ ಕಣೇ. ಆ ದಿನ ಮಂಚದಿಂದ ಇಳಿಯುವ ಮುಂಚೆ ಅವರು ನನ್ನನ್ನು ಕೇಳಿದ್ದರು. ಒಂದಕ್ಷರವೂ ಮರೆತಿಲ್ಲ.

"ರುಕ್ಕು ಇನ್ನೂ ಚಿಕ್ಕದು. ಕುಯ್ಯಿಸ್ಕೋಬೇಕು ಅಂದ್ರೆ ಇವತ್ತೇ ಕುಯ್ಯಿಸ್ಕೋತೀನಿ, ಹುಳ ಹಾಳಾಗೋಗ್ಲಿ. ನಿಜ ಹೇಳೇ, ಏನಂದ್ರು ಆಯಮ್ಮ?"

ನಾನು ಅವರ ಸೆರಗು ಸರಿಮಾಡಿ, "ಏನೂ ಇಲ್ಲ, ಮನೆಗೆ ಹೋಗಿ ಅತ್ತಿಗೆ" ಎಂದೆ.